ರಸ್ತೆ ಬದಿಯ ಫೈನು ಶಿಕ್ಷೆ ಅಲ್ಲ, ರಾಜಿ

ಮುಂದಿನ ಸರ್ಕಲ್ಲಿನಲ್ಲಿ ಬಿಳಿ ಅಂಗಿ, ಖಾಕಿ ಪ್ಯಾಂಟು ಕಂಡ ತಕ್ಷಣ ಗಾಡಿ ಓಡಿಸುವವರ ಬೆನ್ನು ನೆಟ್ಟಗಾಗುತ್ತದೆ. ಹೆಲ್ಮೆಟ್ ಇದೆ, ಡಿಎಲ್ ಇದೆ, ಇನ್ಶೂರೆನ್ಸ್ ಇದೆ. ಆದರೂ ಎದೆ ಒಂದು ಸಲ ಧಸಕ್ ಅನ್ನುತ್ತದೆ. ಎಮಿಷನ್ ಟೆಸ್ಟ್ ಮಾಡಿಸಿದ್ದು ಯಾವಾಗ ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಎಡಕ್ಕೊಂದು ಗಲ್ಲಿ ಸಿಕ್ಕರೆ ಸುಮ್ನೆ ಆ ಕಡೆ ತಿರುಗಿಸಿಬಿಡುವವರೂ ಇದ್ದಾರೆ. ತಪ್ಪು ಮಾಡಿ ಹೆದರಿದರೆ ಅರ್ಥ ಇದೆ. ಎಲ್ಲ ಸರಿಯಿದ್ದೂ ಹೆದರುವುದು ಯಾಕೆ?

ನನಗೆ ತೋಚಿದ ಉತ್ತರ ಇಷ್ಟೇ. ಆ ಕೈ ಅಡ್ಡ ಬಂದ ಮೇಲೆ ಏನೇನು ಆಗಬಹುದು, ಏನು ಆಗುವ ಹಾಗಿಲ್ಲ ಅನ್ನುವುದು ನಮಗೆ ಗೊತ್ತಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಎಂಟು ಹಾಕುವುದು ಕಲಿಸುತ್ತಾರೆ, ಇದನ್ನು ಕಲಿಸುವುದಿಲ್ಲ. ಹೀಗಾಗಿ ಎರಡು ಥರದ ಜನ ಹುಟ್ಟಿಕೊಂಡಿದ್ದಾರೆ. ಒಬ್ಬರು ಗಾಡಿ ನಿಲ್ಲಿಸುವ ಮೊದಲೇ ಪರ್ಸ್ ತೆಗೆಯುವವರು. ಇನ್ನೊಬ್ಬರು ವಾಟ್ಸಾಪ್‌ನಲ್ಲಿ ಓದಿದ ಕಾನೂನು ಹಿಡಿದು ನಡುರಸ್ತೆಯಲ್ಲಿ ಜಗಳಕ್ಕೆ ನಿಲ್ಲುವವರು. ಎರಡನೆಯವರಿಗೆ ಧೈರ್ಯ ಜಾಸ್ತಿ, ಆದರೆ ಮಾಹಿತಿ ಮೊದಲಿನವರಷ್ಟೇ.

ಅವರು ಹೇಳುವ ಮಾತನ್ನೇ ತೆಗೆದುಕೊಳ್ಳಿ. "ನೀವು ಬರೀ ಕಾನ್‌ಸ್ಟೇಬಲ್, ನನ್ನ ಡಿಎಲ್ ಕೇಳೋ ಅಧಿಕಾರ ನಿಮಗಿಲ್ಲ." ಇದು ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಹೇಳುವುದು ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೂ ಚಾಲಕ ಡಿಎಲ್ ತೋರಿಸಬೇಕು ಅಂತ. ಅಲ್ಲಿ ದರ್ಜೆಯ ಮಾತೇ ಇಲ್ಲ, ಸಮವಸ್ತ್ರದ ಮಾತಿದೆ. ಟೀ ಶರ್ಟು ಹಾಕಿಕೊಂಡು ಬಂದು "ನಾನು ಪೊಲೀಸು, ಡಿಎಲ್ ತೋರ್ಸು" ಅಂದರೆ ಗುರುತಿನ ಚೀಟಿ ತೋರಿಸಿ ಅಂತ ಕೇಳಬಹುದು, ಕೇಳಲೇಬೇಕು. ಆದರೆ ಸಮವಸ್ತ್ರದಲ್ಲಿರುವ ಕಾನ್‌ಸ್ಟೇಬಲ್ ಕೇಳಿದಾಗ ತೋರಿಸಲ್ಲ ಅಂದರೆ ನಾವೇ ಇನ್ನೊಂದು ತಪ್ಪು ಮೈಮೇಲೆ ಎಳೆದುಕೊಂಡ ಹಾಗೆ. ಕಾನೂನುಬದ್ಧ ಸೂಚನೆ ಪಾಲಿಸದೆ ಇರುವುದಕ್ಕೆ 179ನೇ ಸೆಕ್ಷನ್ ಬೇರೆ ಇದೆ. 2019ರ ತಿದ್ದುಪಡಿಯಲ್ಲಿ ಅದರ ದಂಡವನ್ನು 500ರಿಂದ 2,000 ರೂಪಾಯಿಗೆ ಏರಿಸಿದ್ದಾರೆ.

ಆದರೆ ಕೇಳುವ ಅಧಿಕಾರ ಬೇರೆ, ದಂಡ ವಸೂಲಿ ಮಾಡುವ ಅಧಿಕಾರ ಬೇರೆ. ಇಲ್ಲೇ ಎಲ್ಲರೂ ಎಡವುವುದು. ಸ್ಥಳದಲ್ಲೇ ದುಡ್ಡು ತೆಗೆದುಕೊಂಡು ಕೇಸು ಮುಗಿಸುವ ಅಧಿಕಾರ ಇರುವುದು ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ದರ್ಜೆಯವರಿಗೆ ಮಾತ್ರ. ನಮ್ಮಲ್ಲಿ ಸಾಮಾನ್ಯವಾಗಿ ಎಎಸ್‌ಐ, ಅಂದರೆ ಸಹಾಯಕ ಸಬ್ ಇನ್‌ಸ್ಪೆಕ್ಟರ್, ಮತ್ತು ಅವರಿಗಿಂತ ಮೇಲಿನವರು. ಕಾನ್‌ಸ್ಟೇಬಲ್ ಕೈ ಅಡ್ಡ ಹಾಕುತ್ತಾರೆ, ದಾಖಲೆ ನೋಡುತ್ತಾರೆ, ಆಮೇಲೆ "ಸಾಹೇಬರ ಹತ್ರ ಹೋಗಿ" ಅನ್ನುತ್ತಾರಲ್ಲ, ಅದು ಸುಮ್ನೆ ದೊಡ್ಡಸ್ತಿಕೆಗೆ ಹೇಳುವ ಮಾತಲ್ಲ. ಮರದ ನೆರಳಲ್ಲಿ ಮಷಿನ್ ಹಿಡಿದು ನಿಂತಿರುವ ಆ ಸಾಹೇಬರಿಗಷ್ಟೇ ರಶೀದಿ ಕೊಡುವ ಅಧಿಕಾರ ಇರುವುದು.

ಇನ್ನು, ಏನೂ ತಪ್ಪು ಕಾಣದೆ ಸುಮ್ಮನೆ ನಿಲ್ಲಿಸಬಹುದಾ? ಕಾಯ್ದೆಯಲ್ಲಿ ಅದಕ್ಕೆ ಅಡ್ಡಿ ಇಲ್ಲ. ಇಲಾಖೆಯ ಒಳಗಿನ ಆದೇಶ ಮಾತ್ರ ಬೇರೆ ಹೇಳುತ್ತದೆ. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದಿದ್ದರೆ ಬರೀ ದಾಖಲೆ ನೋಡಲು ಗಾಡಿ ತಡೆಯಬಾರದು, ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ ಅಂತ ಬಹಿರಂಗವಾಗಿಯೇ ಹೇಳಿದರು. ಕೆಲವು ದಿನ ಎಲ್ಲೆಡೆ ಅದೇ ಸುದ್ದಿ. ಆಮೇಲೆ ನಿಧಾನಕ್ಕೆ ಎಲ್ಲ ಮೊದಲಿನಂತೆಯೇ.

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಅದಕ್ಕೆ ದೊಡ್ಡ ಬೆಲೆ ತೆರಬೇಕಾಯಿತು. ನಾಯಿ ಕಚ್ಚಿದ್ದ ಪುಟ್ಟ ಮಗಳನ್ನು ಅಪ್ಪ ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ಅಂತ ತಡೆದಾಗ ಬಿದ್ದು, ಮಗು ಲಾರಿ ಚಕ್ರಕ್ಕೆ ಸಿಕ್ಕಿತು. ಮೂವರು ಎಎಸ್‌ಐಗಳು ಅಮಾನತಾದರು. ಅದರ ಬೆನ್ನಿಗೇ ಡಿಜಿಪಿ ಎಂ.ಎ. ಸಲೀಂ ಅವರಿಂದ ಹೊಸ ಸೂಚನೆ ಬಂತು. ಕಾಣುವ ತಪ್ಪು ಇಲ್ಲದೆ ದಾಖಲೆಗಾಗಿ ತಡೆಯಬೇಡಿ. ಓಡುತ್ತಿರುವ ಗಾಡಿಗೆ ಏಕಾಏಕಿ ಅಡ್ಡ ಬರಬೇಡಿ. ಕೀ ಕಿತ್ತುಕೊಳ್ಳಬೇಡಿ. ಹಿಂದೆ ಕೂತವರನ್ನು ಎಳೆಯಬೇಡಿ. ಯಾರಾದರೂ ನಿಲ್ಲಿಸದೆ ಹೋದರೆ ಬೆನ್ನಟ್ಟಬೇಡಿ, ನಂಬರ್ ಬರೆದುಕೊಳ್ಳಿ. ಓದಿದರೆ ಇದನ್ನೆಲ್ಲ ಹೇಳಬೇಕಾಗಿತ್ತಾ ಅನ್ನಿಸುತ್ತದೆ. ಹೇಳಬೇಕಾಗಿತ್ತು.

ಆದರೆ ಇವು ಇಲಾಖೆ ತನ್ನ ಸಿಬ್ಬಂದಿಗೆ ಕೊಟ್ಟ ಸೂಚನೆಗಳು, ಕಾಯ್ದೆಯಲ್ಲ. ರಸ್ತೆ ಬದಿಯಲ್ಲಿ "ಡಿಜಿಪಿ ಹೇಳಿದ್ದಾರೆ, ನಾನು ಡಿಎಲ್ ತೋರ್ಸಲ್ಲ" ಅಂತ ಹಟ ಹಿಡಿದರೆ 130ನೇ ಸೆಕ್ಷನ್ ಎದುರು ಅದು ನಿಲ್ಲುವುದಿಲ್ಲ. ಡಿಎಲ್ ತೋರಿಸಿ, ಹೊರಡಿ. ಆಮೇಲೆ ಜಾಗ, ಸಮಯ, ಎದೆಯ ಮೇಲಿದ್ದ ಹೆಸರಿನ ಪಟ್ಟಿ ನೆನಪಿಟ್ಟುಕೊಂಡು ಮೇಲಧಿಕಾರಿಗೆ ದೂರು ಬರೆಯಿರಿ. ಸೂಚನೆ ಮುರಿದದ್ದಕ್ಕೆ ಸಿಬ್ಬಂದಿ ಉತ್ತರ ಕೊಡಬೇಕಾಗುವುದು ಅಲ್ಲಿ.

ದಾಖಲೆಗಳ ಕಥೆ ಈಗ ಬಹಳ ಸುಲಭವಾಗಿದೆ. ಆದರೂ ಜನ ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಆರ್‌ಸಿ ಇಟ್ಟುಕೊಂಡು ಓಡಾಡುತ್ತಾರೆ. ಮಳೆಗಾಲದಲ್ಲಿ ಅದು ಒದ್ದೆಯಾಗಿ, ಶಾಯಿ ಹರಡಿ, ಯಾರದ್ದು ಅಂತಲೂ ಗೊತ್ತಾಗದ ಸ್ಥಿತಿಗೆ ಬಂದಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮವನ್ನು 2018ರಲ್ಲಿ ತಿದ್ದಿ, ಎಲೆಕ್ಟ್ರಾನಿಕ್ ರೂಪದಲ್ಲಿ ತೋರಿಸಿದರೂ ಸಾಕು ಅಂದರು. 2020ರ ಅಕ್ಟೋಬರ್ 1ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಧಿಕಾರಿ ಎಲೆಕ್ಟ್ರಾನಿಕ್ ಆಗಿ ಪರಿಶೀಲಿಸಿ ದಾಖಲೆ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಕಾಗದದ ಪ್ರತಿ ಕೇಳುವ ಹಾಗಿಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಬರುವ ಡಿಎಲ್, ಆರ್‌ಸಿಗೆ ಕಾಗದದ್ದಕ್ಕೆ ಇರುವಷ್ಟೇ ಬೆಲೆ.

ಇಲ್ಲಿ ಒಂದು ಎಚ್ಚರ. ಗ್ಯಾಲರಿಯಲ್ಲಿರುವ ಡಿಎಲ್ ಫೋಟೊಗೆ, ಸ್ಕ್ರೀನ್‌ಶಾಟಿಗೆ, ಜೆರಾಕ್ಸಿಗೆ ಆ ಬೆಲೆ ಇಲ್ಲ. ಆ್ಯಪ್ ತೆರೆದೇ ತೋರಿಸಬೇಕು. ನೆಟ್‌ವರ್ಕ್ ಇಲ್ಲದ ಕಡೆ ಪೇಚಾಡುವ ಬದಲು ಮನೆಯಿಂದ ಹೊರಡುವಾಗಲೇ ಒಮ್ಮೆ ತೆರೆದು ನೋಡಿಕೊಂಡರೆ ಒಳ್ಳೆಯದು. ಏನೂ ಕೈಯಲ್ಲಿಲ್ಲ ಅಂದರೂ ಆಕಾಶ ಬೀಳುವುದಿಲ್ಲ. ಆರ್‌ಸಿ, ಇನ್ಶೂರೆನ್ಸ್‌ನಂಥ ದಾಖಲೆ ಜೊತೆಗಿಲ್ಲದಿದ್ದರೆ ತಂದು ತೋರಿಸಲು 15 ದಿನದ ಅವಕಾಶವನ್ನು ನಿಯಮವೇ ಕೊಟ್ಟಿದೆ. ಮರೆತು ಬಂದಿರುವುದು ಬೇರೆ, ದಾಖಲೆ ಇಲ್ಲದೇ ಇರುವುದು ಬೇರೆ. ಮಾಡಿಸದೇ ಇದ್ದ ಇನ್ಶೂರೆನ್ಸನ್ನು 15 ದಿನದೊಳಗೆ ಮಾಡಿಸಿ ತೋರಿಸುವ ಜಾಣರಿಗೆ ಹೇಳುತ್ತಿದ್ದೇನೆ, ಪಾಲಿಸಿಯ ಮೇಲೆ ತಾರೀಖು ಇರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ರಸ್ತೆ ಬದಿಯಲ್ಲಿ ಕಟ್ಟುವ ಫೈನು ಅಂದರೆ ಏನು?

ಒಂದು ಸಂಜೆ ಸಿಗ್ನಲ್ ಪಕ್ಕ ಯಾರಿಗೋ ಕಾಯುತ್ತಾ ನಿಂತಿದ್ದೆ. ಸ್ಕೂಟರಿನಲ್ಲಿ ಬಂದ ಒಬ್ಬರನ್ನು ತಡೆದರು. ಕಾಲ ಹತ್ತಿರ ತರಕಾರಿ ಚೀಲ, ಹಿಂದೆ ಹೆಂಡತಿ. ಓಡಿಸುವವರಿಗೆ ಹೆಲ್ಮೆಟ್ ಇದೆ, ಹೆಂಡತಿಗಿಲ್ಲ.

"ಇಲ್ಲೇ ಮನೆ ಸರ್, ಎರಡನೇ ಕ್ರಾಸು."

"ಮನೆ ಹತ್ರ ಇದ್ರೆ ತಲೆ ಗಟ್ಟಿ ಆಗುತ್ತೇನ್ರೀ?" ಅಂದರು ಎಎಸ್‌ಐ, ಮಷಿನ್‌ನಿಂದ ತಲೆ ಎತ್ತದೆ. "ಐನೂರು."

"ಇನ್ನೂರು ಮಾಡ್ಕೊಳ್ಳಿ ಸರ್."

"ಸೊಪ್ಪಿನ ವ್ಯಾಪಾರ ಅಲ್ಲ ರೀ ಇದು. ಮಷಿನ್ನಲ್ಲಿ ರಶೀದಿ ಬರುತ್ತೆ."

ಆ ಹೆಂಗಸು ಗಂಡನ ತೋಳು ಚಿವುಟಿ, "ಕಟ್ಟಿ ಬನ್ನಿ, ಎಲ್ಲರೂ ನೋಡ್ತಿದ್ದಾರೆ" ಅಂದರು. ಕಟ್ಟಿದರು. ಚೀಟಿ ಬಂತು. ಅದನ್ನು ಓದದೆ ಮುದ್ದೆ ಮಾಡಿ ಜೇಬಿಗೆ ತುರುಕಿಕೊಂಡು ಹೊರಟರು.

ಆ ಎಎಸ್‌ಐ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ, ಅದು 129ನೇ ಸೆಕ್ಷನ್. ಕಾಯ್ದೆಯ 194ಡಿ ಪ್ರಕಾರ ಇದಕ್ಕೆ ದಂಡ 1,000 ರೂಪಾಯಿ. 2019ರ ಸೆಪ್ಟೆಂಬರ್‌ನಲ್ಲಿ ಹೊಸ ದಂಡ ಜಾರಿಗೆ ಬಂದಾಗ ಜನ ಗಲಾಟೆ ಮಾಡಿದ ಮೇಲೆ, ಅದೇ ತಿಂಗಳು ಕರ್ನಾಟಕ ಸರ್ಕಾರ ಸ್ಥಳದಲ್ಲೇ ಕಟ್ಟುವ ಮೊತ್ತವನ್ನು 500ಕ್ಕೆ ಇಳಿಸಿತು. ಕೇಂದ್ರದ ಕಾಯ್ದೆಯಲ್ಲಿ ಸಾವಿರ ಇದ್ದರೆ ರಾಜ್ಯ ಐನೂರು ಮಾಡಿದ್ದು ಹೇಗೆ? ಉತ್ತರ 200ನೇ ಸೆಕ್ಷನ್‌ನಲ್ಲಿದೆ. ಕೆಲವು ತಪ್ಪುಗಳನ್ನು ಕೋರ್ಟಿಗೆ ಕಳಿಸದೆ ರಾಜಿಯಲ್ಲೇ ಮುಗಿಸಬಹುದು, ಅದಕ್ಕೆ ಯಾವ ಅಧಿಕಾರಿ, ಎಷ್ಟು ಮೊತ್ತ ಅನ್ನುವುದನ್ನು ರಾಜ್ಯ ಗೊತ್ತುಮಾಡಬಹುದು ಅನ್ನುತ್ತದೆ ಅದು.

ಅಂದರೆ ನೀವು ಕಟ್ಟುವ ಐನೂರು ಯಾರೋ ವಿಧಿಸಿದ ಶಿಕ್ಷೆ ಅಲ್ಲ. ಪೊಲೀಸರಿಗೆ ಶಿಕ್ಷೆ ಕೊಡುವ ಅಧಿಕಾರ ಇಲ್ಲವೇ ಇಲ್ಲ, ಅದು ಮ್ಯಾಜಿಸ್ಟ್ರೇಟರದ್ದು. ಪೊಲೀಸರು ಮಾಡುವುದು ಒಂದು ಪ್ರಸ್ತಾಪ. ಇಷ್ಟು ಕಟ್ಟಿದರೆ ಕೇಸು ಇಲ್ಲಿಗೇ ಮುಗಿಯುತ್ತದೆ, ಬೇಡ ಅಂದರೆ ಕೋರ್ಟಿಗೆ ಹೋಗುತ್ತದೆ. ರಾಜಿ ಅಂದಮೇಲೆ ಅದಕ್ಕೆ ಎರಡೂ ಕಡೆ ಒಪ್ಪಿಗೆ ಬೇಕು ಅಲ್ವಾ? "ನಾನು ಈ ತಪ್ಪು ಮಾಡಿಲ್ಲ, ಕೋರ್ಟಿನಲ್ಲಿ ನೋಡಿಕೊಳ್ಳುತ್ತೇನೆ, ಚಲನ್ ಕೊಡಿ" ಅಂತ ಸಮಾಧಾನವಾಗಿ ಹೇಳುವ ಹಕ್ಕು ಎಲ್ಲರಿಗೂ ಇದೆ. ಹಾಗೆ ಹೇಳಿದ್ದು ಉದ್ಧಟತನ ಅಲ್ಲ. ಕೇಸು ಬರೆಯುವುದಕ್ಕೆ ಅವರೂ ಬೇಸರ ಪಟ್ಟುಕೊಳ್ಳಬೇಕಿಲ್ಲ.

ಇದರ ಇನ್ನೊಂದು ಮಗ್ಗುಲೂ ಗೊತ್ತಿರಲಿ. ಕೋರ್ಟು ಆ ಐನೂರಕ್ಕೆ ಕಟ್ಟುಬಿದ್ದಿಲ್ಲ. ತಪ್ಪು ಸಾಬೀತಾದರೆ ಕಾಯ್ದೆಯಲ್ಲಿರುವ ಪೂರ್ತಿ ದಂಡವನ್ನೇ ಹಾಕಬಹುದು. ಒಂದು ದಿನದ ಕೆಲಸವೂ ಹೋಗುತ್ತದೆ. ತರಕಾರಿ ಚೀಲದವರ ಜಾಗದಲ್ಲಿ ನಾನಿದ್ದರೆ ನಾನೂ ಕಟ್ಟುತ್ತಿದ್ದೆ, ಯಾಕೆಂದರೆ ತಪ್ಪು ಕಣ್ಣೆದುರಿಗಿತ್ತು. ಆದರೆ ಹಳದಿ ದೀಪ ಇದ್ದಾಗ ದಾಟಿದವರನ್ನು ಕೆಂಪಿನಲ್ಲಿ ದಾಟಿದಿರಿ ಅಂದರೆ, ಬೋರ್ಡೇ ಇಲ್ಲದ ಕಡೆ ನೋ ಪಾರ್ಕಿಂಗ್ ಅಂದರೆ, ಆಗ ಕೋರ್ಟಿನ ದಾರಿ ಇದೆ ಅನ್ನುವುದು ನೆನಪಿರಬೇಕು. ದಾರಿ ಗೊತ್ತಿದ್ದೂ ಕಟ್ಟಿದರೆ ಅದು ನಮ್ಮ ತೀರ್ಮಾನ. ಗೊತ್ತಿಲ್ಲದೆ ಕಟ್ಟಿದರೆ ಬರೀ ಹೆದರಿಕೆ.

ಆ ಚೀಟಿಯನ್ನು ಮುದ್ದೆ ಮಾಡಿದರಲ್ಲ, ಅದೇ ನನಗೆ ಬೇಸರ ತಂದಿದ್ದು. ಗಾಡಿ ನಂಬರ್ ಸರಿಯಿದೆಯಾ, ಯಾವ ತಪ್ಪು ಬರೆದಿದ್ದಾರೆ, ಮೊತ್ತ ಎಷ್ಟು, ಎಲ್ಲ ಅಲ್ಲೇ ನೋಡಿಕೊಳ್ಳಬೇಕು. ಇಡೀ ವ್ಯವಹಾರದಲ್ಲಿ ನಮ್ಮ ಕಡೆಗಿರುವ ಸಾಕ್ಷಿ ಅಂದರೆ ಅದೊಂದೇ. ರಶೀದಿ ಇಲ್ಲದೆ ಕೊಟ್ಟ ದುಡ್ಡು ಸರ್ಕಾರಕ್ಕೆ ಹೋಗಲಿಲ್ಲ ಅಂತಲೇ ತಿಳಿಯಬೇಕು.

ಆ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. "ಏನಾದ್ರೂ ಅಡ್ಜಸ್ಟ್ ಮಾಡ್ಕೊಳ್ಳಿ ಸರ್" ಅನ್ನುವುದು ಹೆಚ್ಚು ಸಲ ನಮ್ಮ ಬಾಯಿಂದಲೇ ಮೊದಲು ಬರುವ ಮಾತು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಡುವವರೂ ಅಪರಾಧಿಗಳೇ, ಏಳು ವರ್ಷದವರೆಗೆ ಜೈಲು. ಬಲವಂತಕ್ಕೆ ಕೊಡಬೇಕಾಗಿ ಬಂದವರಿಗೆ ಒಂದು ರಕ್ಷಣೆ ಇಟ್ಟಿದ್ದಾರೆ. ಏಳು ದಿನದೊಳಗೆ ದೂರು ಕೊಟ್ಟರೆ ಅವರ ಮೇಲೆ ಈ ಕೇಸು ನಿಲ್ಲುವುದಿಲ್ಲ. ನಮ್ಮ ರಾಜ್ಯದಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ಹೈಕೋರ್ಟು 2022ರಲ್ಲಿ ರದ್ದು ಮಾಡಿದ ಮೇಲೆ ಇಂಥ ದೂರು ಹೋಗುವುದು ಲೋಕಾಯುಕ್ತಕ್ಕೆ.

ಕೀ ಕಿತ್ತುಕೊಳ್ಳುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಯ್ದೆಯಲ್ಲಿ ಎಲ್ಲೂ ಅದಕ್ಕೆ ಅಧಿಕಾರ ಕೊಟ್ಟಿಲ್ಲ. ಚಕ್ರದ ಗಾಳಿ ಬಿಡುವುದಕ್ಕೂ ಕೊಟ್ಟಿಲ್ಲ. ಗಾಡಿಯನ್ನೇ ವಶಕ್ಕೆ ತೆಗೆದುಕೊಳ್ಳಲು 207ನೇ ಸೆಕ್ಷನ್ ಇದೆ. ನೋಂದಣಿ ಇಲ್ಲದ ಗಾಡಿ, ಲೈಸೆನ್ಸ್ ಇಲ್ಲದ ಚಾಲಕ, ವಯಸ್ಸಾಗದ ಹುಡುಗರು, ಪರ್ಮಿಟ್ ಇಲ್ಲದ ವಾಹನ, ಇಂಥವಕ್ಕೆ. ಡಿಎಲ್ ಇಟ್ಟುಕೊಳ್ಳುವ ಅಧಿಕಾರ 206ರಲ್ಲಿದೆ. ದಾಖಲೆ ನಕಲಿ ಅನ್ನಿಸಿದರೆ, ಚಾಲಕ ಕೋರ್ಟಿಗೆ ಬರದೆ ತಪ್ಪಿಸಿಕೊಳ್ಳಬಹುದು ಅನ್ನಿಸಿದರೆ, ಅಥವಾ ಅತಿವೇಗ, ಕುಡಿದು ಓಡಿಸುವುದು, ಹೆಲ್ಮೆಟ್ ಹಾಕದಿರುವುದು ಇಂಥ ಕೆಲವು ತಪ್ಪುಗಳಲ್ಲಿ ಲೈಸೆನ್ಸ್ ಅಮಾನತಿಗೆ ಆರ್‌ಟಿಒಗೆ ಕಳಿಸಲು. ಯಾವ ಕಾರಣಕ್ಕೆ ಇಟ್ಟುಕೊಂಡರೂ ಸ್ವೀಕೃತಿ ಚೀಟಿ ಕೊಡಬೇಕು. ಅದಿಲ್ಲದೆ ಡಿಎಲ್ ಬಿಟ್ಟು ಬರಬೇಡಿ.

ಕುಡಿದು ಓಡಿಸುವ ವಿಷಯದಲ್ಲಿ ನನಗೆ ಯಾವ ಕರುಣೆಯೂ ಇಲ್ಲ, ಆದರೂ ಕಾನೂನು ಕಾನೂನೇ. ಮಿತಿ ಇರುವುದು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ದಾಟಿದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಇದು ರಾಜಿಯಾಗುವ ತಪ್ಪಲ್ಲ. "ಇಲ್ಲೇ ಹತ್ತು ಸಾವಿರ ಕಟ್ಟಿ ಬಿಡ್ತೀವಿ" ಅಂದರೆ ಅಲ್ಲಿ ಏನೋ ಸರಿಯಿಲ್ಲ, ಕಟ್ಟಬೇಕಾದ್ದು ಕೋರ್ಟಿನಲ್ಲಿ. ಮಷಿನ್ನಿಗೆ ಊದಲು ಹೊಸ ಕೊಳವೆ ಹಾಕಿ ಅಂತ ಕೇಳುವುದು, ಬಂದ ಅಂಕಿ ತೋರಿಸಿ ಅನ್ನುವುದು ನ್ಯಾಯವಾದದ್ದೇ. ಊದಲ್ಲ ಅಂತ ಹಟ ಮಾಡಿ ಪ್ರಯೋಜನ ಇಲ್ಲ, ಕಾರಣವಿಲ್ಲದೆ ನಿರಾಕರಿಸಿದ್ದನ್ನೇ ಕೋರ್ಟು ನಿಮ್ಮ ವಿರುದ್ಧ ಬಳಸಿಕೊಳ್ಳಬಹುದು. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು. 202ನೇ ಸೆಕ್ಷನ್‌ನಲ್ಲಿರುವ ಈ ಸಾಲು ಕುಡಿಯದೇ ಸಿಕ್ಕಿಹಾಕಿಕೊಂಡವರಿಗೆ ದೊಡ್ಡ ಆಸರೆ.

ಬಂಧನ ಅಂದಾಗ ಹೊಸ ಕಾನೂನಿನ ಮಾತೂ ಬರುತ್ತದೆ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇವು ಸಂವಿಧಾನದ 22ನೇ ವಿಧಿಯಲ್ಲೇ ಇರುವಂಥವು, ಹೊಸದಲ್ಲ. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವ ಹಾಗಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾತ್ರ ಮಾಡಬಹುದು. ಆದರೆ "ರಾತ್ರಿ ಆಗಿದೆ, ಹೆಂಗಸನ್ನ ನಿಲ್ಲಿಸೋ ಹಾಗೇ ಇಲ್ಲ" ಅನ್ನುವುದು ಸುಳ್ಳು. ಗಾಡಿ ತಡೆದ ಮಾತ್ರಕ್ಕೆ ಅದು ಬಂಧನ ಆಗುವುದಿಲ್ಲ.

ಇನ್ನು ಮೊಬೈಲ್ ವಿಡಿಯೊ. ಸಾರ್ವಜನಿಕ ಜಾಗದಲ್ಲಿ ಪೊಲೀಸರ ಕೆಲಸ ಚಿತ್ರೀಕರಿಸುವುದು ಅಪರಾಧ ಅನ್ನುವ ಸೆಕ್ಷನ್ ಮೋಟಾರು ವಾಹನ ಕಾಯ್ದೆಯಲ್ಲಿ ಇಲ್ಲ. ಅಧಿಕೃತ ರಹಸ್ಯ ಕಾಯ್ದೆಯ ಪ್ರಕಾರ ಪೊಲೀಸ್ ಠಾಣೆ ಕೂಡ ನಿಷಿದ್ಧ ಸ್ಥಳ ಅಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿತು. ಹಾಗಂತ ಫೋನನ್ನು ಅವರ ಮೂಗಿಗೆ ತಾಗಿಸಿ, ಏಕವಚನದಲ್ಲಿ ಕೂಗಾಡಿದರೆ ಕಥೆ ಬದಲಾಗುತ್ತದೆ. ಕೆಲಸಕ್ಕೆ ಅಡ್ಡಿ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 221, ಕೈ ಮಾಡಿದರೆ 132. ಐನೂರರಲ್ಲಿ ಮುಗಿಯುತ್ತಿದ್ದ ವಿಷಯ ಠಾಣೆ, ಜಾಮೀನು ಅಂತ ಬೆಳೆಯುತ್ತದೆ. ಲೈಕಿಗಾಗಿ ಮಾಡುವ ಆ ವಿಡಿಯೊಗಳಲ್ಲಿ ಪೊಲೀಸಪ್ಪ ಇಡೀ ದಿನ ಹೊಗೆ ಕುಡಿದು ನಿಂತಿರುವುದು ಯಾರಿಗೂ ಕಾಣುವುದಿಲ್ಲ. ಅವರ ತಪ್ಪಿಗೂ ಕಾಯ್ದೆ ಒಂದು ಲೆಕ್ಕ ಇಟ್ಟಿದೆ ಬಿಡಿ. 210ಬಿ ಅಂತ ಒಂದು ಸೆಕ್ಷನ್. ನಿಯಮ ಜಾರಿ ಮಾಡುವವರೇ ಅದೇ ತಪ್ಪು ಮಾಡಿದರೆ ದಂಡ ಎರಡು ಪಟ್ಟು.

ಈಗೀಗ ಕೈ ಅಡ್ಡ ಹಾಕುವುದೇ ಕಡಿಮೆಯಾಗುತ್ತಿದೆ. ಕಂಬದ ಮೇಲಿನ ಕ್ಯಾಮೆರಾ ಹಿಡಿಯುತ್ತದೆ, ನೋಟಿಸು ಮನೆಗೆ ಬರುತ್ತದೆ. ಮಾತಾಡಲು ಎದುರಿಗೆ ಮನುಷ್ಯರೇ ಇಲ್ಲ. 2021ರಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ ತಪ್ಪು ನಡೆದ 15 ದಿನದೊಳಗೆ ನೋಟಿಸು ಕಳಿಸಬೇಕು. ಅದರ ಜೊತೆ ತಪ್ಪು ಮತ್ತು ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಫೋಟೊ, ದಿನಾಂಕ, ಸಮಯ, ಜಾಗ ಇರಬೇಕು. ನಮ್ಮವರು ಇದನ್ನು ಓದುವುದಿಲ್ಲ. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್‌ನಲ್ಲಿ ಬಾಕಿ ಫೈನಿಗೆ ಶೇಕಡ 50 ರಿಯಾಯಿತಿ ಬಂದಾಗ ಸಾಲುಗಟ್ಟಿ ಕಟ್ಟಿದರು. ತಮ್ಮದಲ್ಲದ ತಪ್ಪಿಗೂ ಅರ್ಧ ದುಡ್ಡು ಉಳಿಯಿತು ಅಂತ ಖುಷಿಪಟ್ಟವರನ್ನು ನಾನು ಬಲ್ಲೆ.

ನಮ್ಮ ಪಕ್ಕದ ಮನೆಯವರು ಮಾತ್ರ ಓದಿದರು. ಹೆಲ್ಮೆಟ್ ಹಾಕಿಲ್ಲ ಅಂತ ಅವರಿಗೆ ನೋಟಿಸು ಬಂದಿತ್ತು. ಅವರ ಹತ್ತಿರ ಇರುವುದು ಒಂದು ಕಾರು. ಫೋಟೊ ದೊಡ್ಡದು ಮಾಡಿ ನೋಡಿದರೆ ಯಾವುದೋ ಬೈಕು, ಪ್ಲೇಟಿನ ಒಂದು ಅಂಕಿಗೆ ಕೆಸರು ಮೆತ್ತಿಕೊಂಡು ಮೂರು ಎಂಟಾಗಿತ್ತು. ಫೋಟೊ ಪ್ರಿಂಟ್ ಹಾಕಿಸಿಕೊಂಡು, ಆರ್‌ಸಿ ಜೊತೆ ಒಂದು ಅರ್ಜಿ ಬರೆದುಕೊಂಡು ಠಾಣೆಗೆ ಹೋದರು. ಅಲ್ಲಿದ್ದವರು ಒಮ್ಮೆ ಫೋಟೊ ನೋಡಿ, ಒಮ್ಮೆ ಇವರನ್ನು ನೋಡಿ, "ಕಾರಲ್ಲೂ ಹೆಲ್ಮೆಟ್ ಹಾಕ್ಕೊಂಡು ಬನ್ನಿ ಸರ್ ಇನ್ಮೇಲೆ" ಅಂತ ನಕ್ಕು ಅರ್ಜಿ ತೆಗೆದುಕೊಂಡರು. ಆಮೇಲೆ ಆ ಕೇಸು ಅವರ ನಂಬರಿನ ಮೇಲಿಂದ ಹೋಯಿತು.